ಮಾಂಜ್ರಾ ಸೀಮೆಯ ದೇವಣಿ

ಜಗತ್ತಿನ ಹೆಸರಾಂತ ಪ್ರಾಣಿತಳಿಗಳಲ್ಲಿ ಕೆಲವು ಸಂಘಗಳ ಆಶ್ರಯದಲ್ಲಿ ರೂಪುಗೊಂಡವು. ಬಾಕ್ಸರ್ ನಾಯಿ ಅಂತಹುದು. 19ನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಶ್ವಾನಪ್ರಿಯರು ತಮ್ಮ ನಾಡಿನ ಬೇಟೆನಾಯಿಯ ಸಂತತಿಯನ್ನು ಇಂಗ್ಲೆಂಡಿನ ಬುಲ್‌ಡಾಗ್‌ನೊಡನೆ ಬೆರೆಸಿ, ಸಂಘ ಕಟ್ಟಿ, ವಂಶಾವಳಿಯ ಪುಸ್ತಕವಿರಿಸಿ ಅದಕ್ಕೊಂದು ಸ್ಥಿರರೂಪ ನೀಡಿದರು. ಬೀದರ ಜಿಲ್ಲೆಯ ದೇವಣಿ ದನ ರೂಪುಗೊಂಡ ಕಾಲದಲ್ಲಿ ಅಂತಹ ಪುಸ್ತಕವೂ ಇರಲಿಲ್ಲ, ಸಂಘವೂ ಇರಲಿಲ್ಲ. ಒಕ್ಕಲಿಗನ ಕಣ್ಣಳತೆಯೇ ಅದರ ಶಾಸ್ತ್ರವಾಗಿತ್ತು.

ದೇವಣಿ ಎಂಬುದು ಇಂದು ಮಹಾರಾಷ್ಟ್ರದ ಲಾತೂರ ಜಿಲ್ಲೆಯಲ್ಲಿರುವ ಊರು. ಆದರೆ 1956ರವರೆಗೆ ಉದಗೀರ, ನಿಲಂಗಾ, ಭಾಲ್ಕಿ, ಔರಾದ ಸೀಮೆಗಳೆಲ್ಲ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಗೇ ಸೇರಿದ್ದವು. ಆ ವರ್ಷ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಉದಗೀರ, ನಿಲಂಗಾಗಳು ಮುಂಬಯಿ ರಾಜ್ಯಕ್ಕೂ, ಭಾಲ್ಕಿ, ಔರಾದಗಳು ಮೈಸೂರು ರಾಜ್ಯಕ್ಕೂ ಸಂದವು. ನೆಲ ಹಂಚಿಹೋಯಿತು, ದನದ ಹೆಸರು ಮಾತ್ರ ಎರಡೂ ಕಡೆ ಒಂದೇ ಆಗಿ ಉಳಿಯಿತು.

ಗುಜರಾತಿನ ಗಿರ್, ಸಹ್ಯಾದ್ರಿಯ ಡಾಂಗಿ ಹಾಗೂ ಸ್ಥಳೀಯ ದನಗಳ ಮಿಶ್ರಣದಿಂದ ಈ ತಳಿ ಹುಟ್ಟಿತೆಂಬುದು ಪಶುತಜ್ಞರ ಅಭಿಪ್ರಾಯ. ಉಬ್ಬಿದ ಹಣೆಯನ್ನೂ ಜೋಲುವ ಉದ್ದನೆಯ ಕಿವಿಗಳನ್ನೂ ಕಂಡವರಿಗೆ ಗಿರ್‌ನ ನೆನಪು ಬಾರದಿರದು. ಮೈಬಣ್ಣವನ್ನನುಸರಿಸಿ ಇದರಲ್ಲಿ ಮೂರು ಬಗೆಗಳುಂಟು. ಬಿಳಿಯ ಮೈಯಿದ್ದು ಮುಖದ ಇಕ್ಕೆಲಗಳು ಕಪ್ಪಾಗಿರುವುದು ವಾನೇರಾ. ಬಿಳಿಯ ಮೈಯ ಕೆಳಭಾಗದಲ್ಲಿ ಮಾತ್ರ ಕರಿಯ ಮಚ್ಚೆಗಳಿರುವುದು ಬಾಳಂಕ್ಯಾ. ಮೈತುಂಬ ಅಡ್ಡಾದಿಡ್ಡಿ ಕರಿಯ ಮಚ್ಚೆಗಳನ್ನು ಹೊತ್ತಿರುವುದು ಶೇವೇರಾ.

ಹಾಲು, ದುಡಿಮೆ ಎರಡಕ್ಕೂ ಒದಗುವುದು ದೇವಣಿಯ ವೈಶಿಷ್ಟ್ಯ. ಬೀದರ ನಗರದ ಸುತ್ತಲಿನ ಕೆಂಪು ಜಂಬಿಟ್ಟಿಗೆ ನೆಲವನ್ನು ದಾಟಿ ಭಾಲ್ಕಿ, ಔರಾದಗಳತ್ತ ಸಾಗಿದರೆ ಎರೆಭೂಮಿ ಎದುರಾಗುತ್ತದೆ. ಮಳೆಗೆ ಅಂಟಾಗುವ, ಬಿಸಿಲಿಗೆ ಬಿರಿಯುವ ಈ ಮಣ್ಣಿನಲ್ಲಿ ಕುಂಟೆ, ನೇಗಿಲು ಎಳೆಯಲು ಭಾರವಾದ, ಶಾಂತಸ್ವಭಾವದ ಎತ್ತು ಬೇಕು. ತೊಗರಿ, ಜೋಳ, ಕಡಲೆಗಳ ಬೇಸಾಯಕ್ಕೆ ದೇವಣಿಯ ಜೋಡಿ ಹೇಳಿಮಾಡಿಸಿದಂತಹುದು. ಹಸು ಒಂದು ಸೂಲಿಗೆ ಸರಾಸರಿ ಸುಮಾರು 870 ಕಿಲೋಗ್ರಾಂ ಹಾಲು ಕೊಡುತ್ತದೆ. ಆ ಹಾಲಿನಲ್ಲಿ ಜಿಡ್ಡಿನ ಅಂಶ ಶೇಕಡ 4ನ್ನು ಮೀರುತ್ತದೆ.

ಈ ಎರಡು ಗುಣಗಳೇ ಇಂದು ದೇವಣಿಯನ್ನು ಇಕ್ಕಟ್ಟಿಗೆ ಸಿಲುಕಿಸಿವೆ. ಉಳುಮೆಗೆ ಟ್ರ್ಯಾಕ್ಟರ್ ಬಂದಿದೆ. ಹಾಲಿಗೆ ಜರ್ಸಿ, ಹೋಲ್‌ಸ್ಟೀನ್ ಮಿಶ್ರತಳಿಗಳು ಬಂದಿವೆ. ಡೈರಿಗೆ ಹಾಕುವ ಹಾಲಿನ ಲೆಕ್ಕವೊಂದನ್ನೇ ನೋಡಿದರೆ ದೇವಣಿ ಸೋಲುತ್ತದೆ. ಆದರೆ ಬೇಸಗೆಯ ಬಿಸಿಲಿನಲ್ಲಿ ಮಿಶ್ರತಳಿಯ ಹಸುವಿಗೆ ನೆರಳು, ನೀರು, ಹಸಿಮೇವು, ಔಷಧಗಳ ಆರೈಕೆ ಹೆಚ್ಚು. ಕಣಿಕೆ ಮೇದು, ಬಿಸಿಲು ತಾಳಿ ನಿಲ್ಲುವ ಹಸುವಿನ ಬೆಲೆ ಬರಗಾಲದಲ್ಲಿ ಅರಿವಾಗುತ್ತದೆ.

ತಳಿ ನಶಿಸುವುದು ಒಮ್ಮೆಲೇ ಅಲ್ಲ. ಎತ್ತಿಗೆ ಬೇಡಿಕೆ ಕುಸಿದಾಗ ರೈತನು ಹೋರಿಗರುವನ್ನು ಸಾಕುವುದಿಲ್ಲ. ಊರಿನಲ್ಲಿ ಒಳ್ಳೆಯ ಹೋರಿ ಇಲ್ಲವಾದಾಗ, ಮನೆಯಲ್ಲಿ ಶುದ್ಧ ಹಸುವಿದ್ದರೂ ಮುಂದಿನ ಕರು ಬೆರಕೆಯಾಗುತ್ತದೆ. ಹೀಗೆ ಎರಡು ಮೂರು ತಲೆಮಾರು ಕಳೆದರೆ ಹೆಸರು ಮಾತ್ರ ಉಳಿದೀತು. ಆದುದರಿಂದ ಆಯ್ದ ದೇವಣಿ ಹೋರಿಗಳ ವೀರ್ಯದಿಂದ ಮಾಡುವ ಕೃತಕ ಗರ್ಭಧಾರಣೆಗೆ ಮಹತ್ವ ಬಂದಿದೆ. ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವು 2004ರಲ್ಲಿ ಬೀದರದಲ್ಲೇ ಸ್ಥಾಪಿತವಾದುದು ಈ ಸೀಮೆಯ ಭಾಗ್ಯ. ವಿಜ್ಞಾನಿಯ ನೆರವು ಕೈಯಳತೆಯಲ್ಲಿದೆ. ಒಳ್ಳೆಯ ಕರುವನ್ನು ಮಾರದೆ ಉಳಿಸಿಕೊಂಡವನಿಗೆ ಅದರಿಂದ ನಾಲ್ಕು ಕಾಸು ಸಿಗುವಂತಾದರೆ, ಭಾಲ್ಕಿ, ಔರಾದಗಳ ಕೊಟ್ಟಿಗೆಗಳಲ್ಲಿ ದೇವಣಿ ಮುಂದೆಯೂ ನಿಂತೀತು.