ಬಾರಾಣೆ ನೋವು

ಬೆಳಗಾವಿಯ ಆಟೋ ನಗರದಲ್ಲಿ ಬೆಳಗಿನ ಒಂಬತ್ತಕ್ಕೇ ಕಿವಿ ತುಂಬಿಹೋಗುತ್ತದೆ. ಒಂದು ಶೆಡ್ಡಿನಲ್ಲಿ ಲಾರಿಯ ಪಾಟಾ ಬಿಚ್ಚಿ ಸುತ್ತಿಗೆಯಿಂದ ಬಡಿಯುತ್ತಿದ್ದಾರೆ. ಅದರ ಮಗ್ಗುಲಿಗೆ ವೆಲ್ಡಿಂಗಿನ ಕಿಡಿ, ಎದುರಿಗೆ ಲೇತ್ ಯಂತ್ರದ ಕೀರಲು ದನಿ. ಹುಡುಗರು ಕನ್ನಡದಲ್ಲಿ ಕೂಗಿದರೆ ಮರಾಠಿಯಲ್ಲಿ ಉತ್ತರ, ಬೈಗುಳ ಮಾತ್ರ ಉರ್ದುವಿನಲ್ಲಿ. ಇಲ್ಲಿ ಅಳೆಯದೆ ಯಾವ ಕೆಲಸವೂ ನಡೆಯದು. ಟಯರಿನ ಹವಾಕ್ಕೆ ಒಂದು ಮೀಟರು, ಬ್ಯಾಟರಿಗೆ ಒಂದು ಮೀಟರು, ಸವೆದ ಬೇರಿಂಗಿಗೆ ವರ್ನಿಯರ್. "ಹವಾ ಎಷ್ಟೈತೋ?" ಎಂದರೆ "ನೂರಾ ಹತ್ತು" ಎಂದು ಮುಖ ಎತ್ತದೆಯೇ ಹೇಳುತ್ತಾನೆ, ಇನ್ನೂ ಮೀಸೆ ಮೂಡದ ಹುಡುಗ.

ಕಣಬರಗಿ ಕೈಗಾರಿಕಾ ಪ್ರದೇಶದ ಈ ಗದ್ದಲದ ನಡುವೆಯೇ ಕ್ಯಾನ್ಸರ್ ಆಸ್ಪತ್ರೆಯೂ ಇದೆ. ಗ್ಯಾರೇಜುಗಳನ್ನು ದಾಟಿ ಬರುವ ಆಟೋಗಳಿಂದ ಖಾನಾಪುರದವರು, ಬೈಲಹೊಂಗಲದವರು, ಗಡಿಯಾಚೆಯ ಚಂದಗಡದವರು ಇಳಿಯುತ್ತಾರೆ. ಎಲ್ಲರ ಕೈಯಲ್ಲೂ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ, ಅದರೊಳಗೆ ಸ್ಕ್ಯಾನಿನ ದೊಡ್ಡ ಲಕೋಟೆ, ರಕ್ತದ ರಿಪೋರ್ಟು, ಬುತ್ತಿ. ಒಳಗೂ ಎಲ್ಲಕ್ಕೂ ಅಳತೆಯಿದೆ: ಹಿಮೋಗ್ಲೋಬಿನ್ ಇಷ್ಟು, ಗಡ್ಡೆ ಇಷ್ಟು ಸೆಂಟಿಮೀಟರು, ವಿಕಿರಣ ಇಷ್ಟು ಗ್ರೇ. ಆದರೆ ಇವರನ್ನು ರಾತ್ರಿಯಿಡೀ ಮಲಗಗೊಡದ ಸಂಗತಿಗೆ ಮಾತ್ರ ಮೀಟರು ಇಲ್ಲ.

ಖಾನಾಪುರ ತಾಲೂಕಿನ ಇಟಗಿ ಕಡೆಯ ಮುದುಕಿಯೊಬ್ಬಳು ಸ್ಟೂಲಿನ ಮೇಲೆ ಒಂದೇ ಮಗ್ಗುಲಿಗೆ ಭಾರ ಹಾಕಿ ಕುಳಿತಿದ್ದಾಳೆ. ಗಡ್ಡೆ ಈಗ ಎಲುಬಿಗೂ ಹರಡಿದೆ. ಗುಣವಾಗುವ ಮಾತು ಮುಗಿದಿದೆ. ಇನ್ನು ನರಳದಂತೆ ನೋಡಿಕೊಳ್ಳುವ ಉಪಶಾಮಕ ಆರೈಕೆ.

"ಆಯೀ, ಸೊನ್ನಿಯಿಂದ ಹತ್ತರೊಳಗ ನಿಮ್ಮ ನೋವು ಎಷ್ಟೈತ್ರೀ?" ಸಿಸ್ಟರ್ ಕೇಳುತ್ತಾರೆ.

"ಭಾಳ ಐತಿ ಯವ್ವಾ."

"ಭಾಳ ಅಂದ್ರ ಎಷ್ಟ್ರೀ?"

"ಭಾಳ ಅಂದ್ರ ಭಾಳ."

ಹಿಂದೆ ನಿಂತ ಮಗನಿಗೆ ಬಸ್ಸಿನ ಅವಸರ. "ಮೂರೋ ನಾಕೋ ಬರಕೋರಿ ಸಿಸ್ಟರ್. ಮನ್ಯಾಗ ಸುಮ್ಮನ ಮಲಗಿರ್ತಾಳ, ಚೀರೂದಿಲ್ಲ, ಏನಿಲ್ಲ."

ಸಿಸ್ಟರ್ ಪೆನ್ನು ಕೆಳಗಿಟ್ಟರು. "ಆಯೀ, ತಡಕೊಳ್ಳಾಕ ಆಗದಂಥಾ ಪೂರಾ ನೋವು ಒಂದು ರೂಪಾಯಿ ಅಂತ ಹಿಡೀರಿ. ಈಗ ಎಷ್ಟಾಣೆ ಐತಿ?"

"ಬಾರಾಣೆ," ಎಂದಳು ಮುದುಕಿ, ತಡವಿಲ್ಲದೆ. "ರಾತ್ರಿ ಹದಿನಾರಾಣೆ."

ಮಗ ತಾಯಿಯ ಮುಖ ನೋಡಿದ. ಬಾರಾಣೆ ಎಂದರೆ ಹತ್ತಕ್ಕೆ ಏಳೂವರೆ. ಚಾರ್ಟಿನಲ್ಲಿ ಅರ್ಧಕ್ಕೆ ಜಾಗವಿಲ್ಲವಾದ್ದರಿಂದ 8 ಎಂದು ಬಿತ್ತು, ರಾತ್ರಿಯ ಮನೆಯಲ್ಲಿ 10. ಆಣೆಯ ನಾಣ್ಯಪದ್ಧತಿ 1957ರಲ್ಲೇ ಹೋಯಿತು, ಆದರೆ ಈ ಸೀಮೆಯಲ್ಲಿ ಅದರ ಲೆಕ್ಕ ಹೋಗಿಲ್ಲ. "ಎಂಟಾಣೆ ಆರಾಮ ಆಗೇತ್ರೀ" ಎಂದು ಡಾಕ್ಟರಿಗೆ ಹೇಳುವವರು ಇಂದಿಗೂ ಇದ್ದಾರೆ. ಇಂಗ್ಲಿಷಿನಲ್ಲಿ ಅಚ್ಚಾದ ಪಟ್ಟಿಯನ್ನು ರೋಗಿಯ ಕೈಗಿಟ್ಟು ಉತ್ತರಕ್ಕೆ ಕಾಯುವ ಬದಲು, ರೋಗಿಗೆ ಆಗಲೇ ಕೈಯಾಡಿರುವ ಅಳತೆಯನ್ನು ಎರವಲು ಪಡೆಯುವುದು ಜಾಣತನವೆಂದು ನನಗನ್ನಿಸುತ್ತದೆ.

ನೋವಿಗೊಂದು ಮೀಟರು ಮಾಡಲು ಯಾರೂ ಹೋಗಲಿಲ್ಲ ಎಂದಲ್ಲ. 1940ರ ದಶಕದಲ್ಲಿ ನ್ಯೂಯಾರ್ಕಿನ ಕಾರ್ನೆಲ್ ವೈದ್ಯ ವಿದ್ಯಾಲಯದ ಜೇಮ್ಸ್ ಹಾರ್ಡಿ, ಹೆರಾಲ್ಡ್ ವುಲ್ಫ್, ಹೆಲೆನ್ ಗುಡೆಲ್ ಎಂಬ ಮೂವರು ಡೋಲೋರಿಮೀಟರ್ ಎಂಬುದನ್ನು ಕಟ್ಟಿದರು. ಹಣೆಗೆ ಕಪ್ಪು ಬಳಿದು, ಬಲವಾದ ದೀಪದ ಕಾವನ್ನು ಅಲ್ಲಿಗೇ ಹಾಯಿಸಿ, ಎಷ್ಟು ಕಾವಿಗೆ ನೋವು ಶುರು, ಎಷ್ಟಕ್ಕೆ ಇನ್ನು ಹೆಚ್ಚಲಾರದು ಎಂದು ಗುರುತಿಸುವುದು. ಮೊದಲು ಸುಟ್ಟುಕೊಂಡದ್ದು ಅವರ ಹಣೆಗಳೇ. ನೋವಿಗೆ 'ಡೋಲ್' ಎಂಬ ಮಾನವನ್ನೂ ಇಟ್ಟರು, ಪರಮಾವಧಿ ಹತ್ತೂವರೆ ಡೋಲ್. ಆ ಅಳತೆ ಬಾಳಲಿಲ್ಲ. ಯುದ್ಧಭೂಮಿಯಲ್ಲಿ ಕೆಲಸ ಮಾಡಿ ಬಂದ ಹೆನ್ರಿ ಬೀಚರ್ ಎಂಬ ವೈದ್ಯ, ದೊಡ್ಡ ಗಾಯವಾದ ಸೈನಿಕರಲ್ಲಿ ಹಲವರು ಮಾರ್ಫಿನ್ ಬೇಡವೆನ್ನುತ್ತಾರೆ ಎಂದು 1946ರಲ್ಲಿ ಬರೆದ. ಪ್ರಾಣ ಉಳಿಯಿತು, ಇನ್ನು ಮನೆಗೆ ಹೋಗಬಹುದು ಎಂಬ ನೆಮ್ಮದಿ ಅವರಿಗೆ. ಪ್ರಯೋಗಾಲಯದ ದೀಪದಲ್ಲಿ ಆ ಮನೆಯ ದಾರಿ ಎಲ್ಲಿ ಬರಬೇಕು? ಮಿದುಳಿನ ಸ್ಕ್ಯಾನಿನಲ್ಲಿ ನೋವಿನ ಗುರುತು ಹುಡುಕುವ ಕೆಲಸ ಈಗಲೂ ನಡೆದಿದೆ. ಆಟೋ ನಗರದ ಈ ಸ್ಟೂಲಿನವರೆಗೆ ಅದು ಬಂದಿಲ್ಲ.

ಬಿ.ಪಿ., ನಾಡಿ ನೋಡಿದರೆ ಸಾಲದೇ ಎನ್ನುವವರಿದ್ದಾರೆ. ಈಗಷ್ಟೇ ಕಾಲು ಮುರಿದವನಿಗೆ ಅವು ಏರುತ್ತವೆ, ನಿಜ. ಆದರೆ ತಿಂಗಳುಗಟ್ಟಲೆ ನೋವು ಹೊತ್ತ ಮೈ ಅದಕ್ಕೆ ಒಗ್ಗಿಬಿಡುತ್ತದೆ. ಮುದುಕಿಯ ನಾಡಿ ಶಾಂತವಾಗಿಯೇ ಬಡಿಯುತ್ತಿತ್ತು. ಆ ಶಾಂತ ನಾಡಿ ನೋಡಿ "ಇವಳಿಗೇನಿಲ್ಲ" ಎಂದುಕೊಂಡರೆ ಕೆಟ್ಟಿತು.

ಹಾಗಾಗಿ ಉಳಿದದ್ದು ಕೇಳುವುದು, ಬರೆಯುವುದು, ಮತ್ತೆ ಕೇಳುವುದು. ಒಂದರಿಂದ ಮೂರು ಸಣ್ಣ ನೋವು, ನಾಲ್ಕರಿಂದ ಆರು ನಡುವಿನದು, ಏಳರಿಂದ ಮೇಲೆ ತೀವ್ರ ಎಂಬುದು ರೂಢಿ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಕೊಟ್ಟ ಮೂರು ಮೆಟ್ಟಿಲ ಏಣಿಯಲ್ಲಿ ಪ್ಯಾರಾಸಿಟಮಾಲ್ ಬಗೆಯವು ಕೆಳಗೆ, ಮಾರ್ಫಿನ್ ಮೇಲೆ. ಯಾವ ಮೆಟ್ಟಿಲೆಂದು ತಿಳಿಯಲು ಅಂಕಿ ಬೇಕು. ಇವಳ 8 ಬೇರೊಬ್ಬನ 8ಕ್ಕೆ ಸಮವೇ ಎಂದು ಕೇಳಿದರೆ ಉತ್ತರವಿಲ್ಲ, ಅದರ ಅಗತ್ಯವೂ ಇಲ್ಲ. ನಿನ್ನೆಯ ಇವಳ 8 ಇವತ್ತು 4 ಆಯಿತೇ ಎಂಬುದೇ ಇಲ್ಲಿ ಬೇಕಾದ ವಸ್ತುನಿಷ್ಠತೆ.

ಅಂಕಿಯ ಜೊತೆಗೆ ಬಗೆಯೂ ಬೇಕು. ಎಲುಬಿಗೆ ಇಳಿದ ಗಡ್ಡೆಯದು ಕೊರೆಯುವ ನೋವು, ಏಳುವಾಗ ಕೂರುವಾಗ ಹೆಚ್ಚು. ಅಂಥಲ್ಲಿ ಒಂದೇ ಸಲದ ವಿಕಿರಣವೂ ಎಷ್ಟೋ ಜನರಿಗೆ ಆರಾಮ ಕೊಡುತ್ತದೆ. ಕನಕುಂಬಿ ಕಡೆಯಿಂದ ಬಂದಾತ ತೋಳು ತೋರಿಸಿ ಮರಾಠಿಯಲ್ಲಿ "ಆಗ್ ಹೋತೆ" ಎಂದ. ಬೆಂಕಿ ಇಟ್ಟಂತೆ, ನಡುನಡುವೆ ಕರೆಂಟು ಹೊಡೆದಂತೆ. ಅದು ನರ ಒತ್ತಿದ ನೋವು, ಅದಕ್ಕೆ ಗ್ಯಾಬಾಪೆಂಟಿನ್ನಂಥ ಬೇರೆಯೇ ಮಾತ್ರೆ ಜೊತೆಗೂಡಬೇಕು.

ಗೋಡೆಯ ಮೇಲೆ ಆರು ಮುಖಗಳ ಚಿತ್ರಪಟ. ನಗುವ ಮುಖದಿಂದ ಕಣ್ಣೀರಿನ ಮುಖದವರೆಗೆ. ಡೋನಾ ವಾಂಗ್, ಕೋನಿ ಬೇಕರ್ ಎಂಬಿಬ್ಬರು ಅಮೆರಿಕದಲ್ಲಿ 1980ರ ದಶಕದ ಆರಂಭದಲ್ಲಿ ಮಕ್ಕಳಿಗಾಗಿ ಮಾಡಿದ್ದು. ಅದರ ಮುಂದೆ ನಿಲ್ಲಿಸಿದ ಹಿರಿಯರೊಬ್ಬರು, ಗಾಂಧಿ ಟೋಪಿ, ಕೈಯಲ್ಲಿ ಕೋಲು, ನಾಲ್ಕನೆಯ ಮುಖಕ್ಕೆ ಬೆರಳಿಟ್ಟರು. ಬೆರಳು ನಡುಗುತ್ತಿತ್ತು, ಹುಬ್ಬು ಗಂಟಾಗಿತ್ತು, ಕೆಳತುಟಿ ಹಲ್ಲಿನಡಿ ಸಿಕ್ಕಿತ್ತು. "ಕಡೀದು ಅಲ್ಲೇನ್ರೀ ಅಜ್ಜಾರ?" ಎಂದರೆ, "ಅಂವ ಅಳಾಕತ್ಯಾನಲ್ಲ. ನಾ ಅಳೂ ಮನಷ್ಯಾ ಅಲ್ಲ ತಂಗಿ." ನೋವಿನ ಪಟದಲ್ಲಿ ಅಳುವನ್ನು ಬೆರೆಸಿದ್ದರ ತೊಡಕು ಇದು. ನಮ್ಮಲ್ಲಿ ಗಂಡಸು ಅಳಬಾರದು, ಹೆಂಗಸು ಹೇಳಬಾರದು. ಇಬ್ಬರನ್ನೂ 'ಗಟ್ಟಿ ಜೀವ' ಎಂದು ಹೊಗಳುತ್ತೇವೆ. ಆ ಹೊಗಳಿಕೆಗೆ ಬೆಲೆ ತೆತ್ತವರು ಈ ಕೋಣೆಗೆ ತಡವಾಗಿ ಬರುತ್ತಾರೆ. ನೋವು ಹೆಚ್ಚಾಗಿದೆ ಎಂದರೆ ಡಾಕ್ಟರು ಕೈಬಿಟ್ಟಾರು ಎಂದು ಮುಚ್ಚಿಡುವವರೂ ಇದ್ದಾರೆ.

ಮಾತೇ ನಿಂತವರನ್ನು ಕೇಳುವುದು ಹೇಗೆ? ಮರೆಗುಳಿ ರೋಗಿಗಳಿಗಾಗಿ 2003ರಲ್ಲಿ ಬಂದ ಪೇನ್ಯಾಡ್ ಎಂಬ ಪಟ್ಟಿ ಇಲ್ಲಿ ಕೈಹಿಡಿಯುತ್ತದೆ. ಉಸಿರಾಟ, ನರಳುವ ದನಿ, ಮುಖ, ಮೈಯ ಬಿಗಿತ, ಸಂತೈಸಿದರೆ ಶಾಂತವಾಗುತ್ತಾರೋ ಇಲ್ಲವೋ: ಐದಕ್ಕೂ ಸೊನ್ನೆಯಿಂದ ಎರಡು. ಒಟ್ಟು ಹತ್ತೇ. ಮಂಚದ ಪಕ್ಕ ನಿಂತು ನೋಡುವುದಷ್ಟೇ ಸಾಲದು. ಮಗ್ಗುಲು ಹೊರಳಿಸುವಾಗ, ಗಾಯ ತೊಳೆಯುವಾಗ ನೋಡಬೇಕು. ಸುಮ್ಮನೆ ಮಲಗಿದಾಗ 1 ಇದ್ದದ್ದು ಸೀರೆ ಬದಲಿಸುವಾಗ 7 ಆಗುವುದುಂಟು. ಸೊಸೆಯಂದಿರಿಗೆ ಇದು ಯಾರೂ ಹೇಳಿಕೊಡದೆಯೇ ಗೊತ್ತು.

ಇಟಗಿಯ ಮುದುಕಿಗೆ ಮಾರ್ಫಿನ್ ಮಾತ್ರೆ ಬರೆದರು. ನಾಲ್ಕು ತಾಸಿಗೊಮ್ಮೆ, ನೋವು ಬರಲೆಂದು ಕಾಯದೆ, ಗಡಿಯಾರ ನೋಡಿ. ಗಾಜೀಪುರ, ನೀಮಚ್‌ಗಳಲ್ಲಿ ಅಫೀಮಿನ ಸರ್ಕಾರಿ ಕಾರ್ಖಾನೆಗಳನ್ನಿಟ್ಟುಕೊಂಡ ದೇಶ, 1985ರ ಮಾದಕವಸ್ತು ಕಾಯ್ದೆಯ ಲೈಸೆನ್ಸುಗಳ ಕಾಟದಿಂದ ತನ್ನವರಿಗೇ ಈ ಮಾತ್ರೆ ಸಿಗದಂತೆ ಮಾಡಿತ್ತು. 2014ರ ತಿದ್ದುಪಡಿ ದಾರಿ ಸಡಿಲಿಸಿತು. ಹೆದರಿಕೆ ಮಾತ್ರ ಹಾಗೇ ಇದೆ. "ಚಟ ಹತ್ತತೈತೇನ್ರೀ?" ಎಂದು ಮಗ ಕೇಳಿದ. ನೋವಿಗೆ ತಕ್ಕಷ್ಟು ಕೊಟ್ಟು ಅಂಕಿ ನೋಡುತ್ತ ಹೋದರೆ ಆ ಭಯ ತೀರ ಕಡಿಮೆ ಎಂದು ಡಾಕ್ಟರು ಸಮಾಧಾನವಾಗಿ ಹೇಳಿದರು.

ಮುದುಕಿ ಹೊರಡುವ ಮುಂಚೆ ಇನ್ನೊಂದು ಮಾತು ಬಂತು. ಮನೆಯಲ್ಲಿ ಎತ್ತು ಮಾರುವ ಮಾತಾದ ರಾತ್ರಿಯೇ ನೋವು ಹದಿನಾರಾಣೆಗೆ ಏರಿದ್ದು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದ ಸಿಸಿಲಿ ಸಾಂಡರ್ಸ್ ಇದನ್ನೇ ಸಮಗ್ರ ನೋವು ಎಂದಿದ್ದರು: ಮೈಯದು, ಮನಸ್ಸಿನದು, ಮನೆತನದ್ದು, ದೇವರ ಮೇಲಿನ ಸಿಟ್ಟಿನದು, ಎಲ್ಲ ಸೇರಿ ಒಂದು. ಚಾರ್ಟಿನ ಅಂಚಿನಲ್ಲಿ ಸಿಸ್ಟರ್ 'ಎತ್ತು' ಎಂದು ಬರೆದುಕೊಂಡರು.

ಖಾನಾಪುರದ ಊರುಗಳಿಂದ ಪದೇಪದೇ ಬೆಳಗಾವಿಗೆ ಬರುವುದು ಸುಲಭವಲ್ಲ. ಭೀಮಗಡದ ಕಾಡೊಳಗಿನ ಹಳ್ಳಿಗಳಿಂದ ಮಳೆಗಾಲದಲ್ಲಿ ರೋಗಿಗಳನ್ನು ಹೆಗಲ ಮೇಲೆ ಹೊತ್ತು ತಂದ ಸುದ್ದಿ ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ. ಹೀಗಾಗಿ ಎರಡನೆಯ ಅಂಕಿ ಫೋನಿನಲ್ಲಿ. ಇಟಗಿಯಲ್ಲಿ ಸೊಸೆ ಎತ್ತಿಕೊಂಡಳು. ಕ್ಯಾಲೆಂಡರಿನ ಚೌಕದೊಳಗೆ ದಿನಕ್ಕೆ ಎರಡು ಸಲ ಬರೆದಿಟ್ಟಿದ್ದಾಳಂತೆ.

"ಇವತ್ತ ಎಷ್ಟಾಣೆ?"

"ಆರಾಣೆ ಅಂತಾರ್ರೀ. ನಿನ್ನಿ ರಾತ್ರಿ ಮಲಗ್ಯಾರ. ಆದ್ರ ಸಿಸ್ಟರ್, ಮೂರು ದಿವಸ ಆತ್ರೀ, ಸಂಡಾಸಕ್ಕ ಹೋಗಿಲ್ಲ."

ಮಾರ್ಫಿನ್ನಿನ ಜೊತೆ ಕೊಟ್ಟ ಮಲಬದ್ಧತೆಯ ಔಷಧಿ ಬಾಟಲಿಯ ಮುಚ್ಚಳವನ್ನೇ ಅವರು ತೆಗೆದಿರಲಿಲ್ಲ. ಮುಂದಿನ ಮಾತೆಲ್ಲ ಅದರದ್ದೇ.