ಮಾತ್ರೆ ತಗೊಂಡ್ರಾ ಅಜ್ಜಿ?

ನಮ್ಮ ದೊಡ್ಡಪ್ಪನಿಗೆ ಬಿಪಿ ಇತ್ತು. ಮನೆಯವರಿಗೆಲ್ಲ ಗೊತ್ತಿದ್ದ ವಿಷಯವೇ. ಸರ್ಕಾರಿ ಆಸ್ಪತ್ರೆಯ ಡಾಕ್ಟ್ರು ಮಾತ್ರೆ ಬರೆದುಕೊಟ್ಟಿದ್ರು, ದೊಡ್ಡಪ್ಪ ಮೂರು ತಿಂಗಳು ತಪ್ಪದೆ ನುಂಗಿದ್ರು. ಆಮೇಲೆ ಒಂದಿನ ಚೆಕ್ ಮಾಡಿಸಿದಾಗ 'ನಾರ್ಮಲ್ ಇದೆ' ಅಂದ್ರಂತೆ. ಅದನ್ನು ದೊಡ್ಡಪ್ಪ ಹೇಗೆ ಅರ್ಥ ಮಾಡ್ಕೊಂಡ್ರು? ಕಾಯಿಲೆ ವಾಸಿಯಾಯ್ತು ಅಂತ. ಜ್ವರ ಬಿಟ್ಟ ಮೇಲೆ ಯಾರಾದ್ರೂ ಜ್ವರದ ಮಾತ್ರೆ ನುಂಗ್ತಾರಾ? ಬಿಟ್ಟುಬಿಟ್ರು. ಹೊಲಕ್ಕೆ ಹೋದ್ರು, ಮದುವೆಮನೆಗಳಿಗೆ ಹೋದ್ರು, ಚೆನ್ನಾಗೇ ಇದ್ರು. ಒಂದು ವರ್ಷದ ಮೇಲೆ ಒಂದು ಬೆಳಗ್ಗೆ ಹಲ್ಲುಜ್ಜೋಕೆ ಅಂತ ಎದ್ದವರಿಗೆ ಬಲಗೈ ಎತ್ತೋಕಾಗಲಿಲ್ಲ. ಲಕ್ವ ಹೊಡೆದಿತ್ತು.

ನಾನು ಆಗ ಟಿವಿಯಲ್ಲೇ ಇದ್ದೆ. ಪ್ರತಿ ವರ್ಷ ಮೇ 17ಕ್ಕೆ ವಿಶ್ವ ರಕ್ತದೊತ್ತಡ ದಿನ ಅಂತ ಬರುತ್ತೆ, ಆವತ್ತು ಸ್ಟುಡಿಯೋದಲ್ಲಿ ತಜ್ಞರನ್ನು ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಿದವನು ನಾನು. ದೊಡ್ಡಪ್ಪನಿಗೆ ವಾರಕ್ಕೊಂದು ಫೋನೂ ಮಾಡ್ತಿದ್ದೆ. ಮಳೆ ಆಯ್ತಾ ಅಂತ ಕೇಳಿದ್ದೀನಿ, ರಾಗಿ ಹೇಗಿದೆ ಅಂತ ಕೇಳಿದ್ದೀನಿ. ಮಾತ್ರೆ ತಗೋತಿದ್ದೀರಾ ಅಂತ ಒಂದು ಸಲವೂ ಕೇಳಲಿಲ್ಲ.

ಈ ಪ್ರಶ್ನೆ ಕೇಳೋದನ್ನೇ ಕೆಲಸ ಮಾಡ್ಕೊಂಡಿರೋ ಹೆಣ್ಣುಮಕ್ಕಳ ಬಗ್ಗೆ ಇವತ್ತು ನಾನು ಹೇಳಬೇಕಿರೋದು. ಅವರೇ ಆಶಾ ಕಾರ್ಯಕರ್ತೆಯರು.

ಮೊದಲು ಕಾಯಿಲೆಯ ಲೆಕ್ಕ ನೋಡಿಬಿಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಲ್ಲಿ ದೇಶದ ಎಲ್ಲ ರಾಜ್ಯಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಪರೀಕ್ಷೆ ಮಾಡಿದ ಒಂದು ದೊಡ್ಡ ಅಧ್ಯಯನ 2023ರಲ್ಲಿ ಪ್ರಕಟವಾಯ್ತು. ಅದರ ಪ್ರಕಾರ ಭಾರತದಲ್ಲಿ ಸಕ್ಕರೆ ಕಾಯಿಲೆ ಇರೋರು ಸುಮಾರು 10 ಕೋಟಿ. ವಯಸ್ಕರಲ್ಲಿ ನೂರಕ್ಕೆ 35 ಜನಕ್ಕೆ ಬಿಪಿ. ಅಂದ್ರೆ ಮೂವರಲ್ಲಿ ಒಬ್ಬರಿಗೆ. ಇದು ಶ್ರೀಮಂತರ ಕಾಯಿಲೆ, ಪೇಟೆಯವರ ಕಾಯಿಲೆ ಅಂತ ಇನ್ನೂ ಹೇಳೋರಿದ್ದಾರೆ. ಅವರು ಯಾವುದಾದ್ರೂ ಹಳ್ಳಿಯ ಪಿಎಚ್‌ಸಿ ಮುಂದೆ ಒಂದು ಬೆಳಗ್ಗೆ ಹೋಗಿ ನಿಂತು ನೋಡಲಿ.

ವೈದ್ಯರ ನಡುವೆ ಒಂದು ಹಳೇ ಮಾತಿದೆ, ಅರ್ಧರ್ಧದ ಲೆಕ್ಕ. ಬಿಪಿ ಇರೋರಲ್ಲಿ ಅರ್ಧ ಜನಕ್ಕೆ ಮಾತ್ರ ತಮಗೆ ಬಿಪಿ ಇದೆ ಅಂತ ಗೊತ್ತಿರುತ್ತೆ. ಗೊತ್ತಿರೋರಲ್ಲಿ ಅರ್ಧ ಜನ ಮಾತ್ರೆ ತಗೋತಾರೆ. ಮಾತ್ರೆ ತಗೊಳ್ಳೋರಲ್ಲಿ ಅರ್ಧ ಜನಕ್ಕೆ ಮಾತ್ರ ಬಿಪಿ ಹತೋಟಿಯಲ್ಲಿರುತ್ತೆ. ಊರಿಂದೂರಿಗೆ ಅಂಕಿ ಆಚೀಚೆ ಆಗಬಹುದು, ದಾರಿ ಮಾತ್ರ ಅದೇ. ನೂರು ಜನ ಹೊರಟರೆ ಹನ್ನೆರಡೋ ಹದಿಮೂರೋ ಜನ ದಡ ಸೇರ್ತಾರೆ. ಉಳಿದವರನ್ನು ನಾವು ಎಲ್ಲಿ ಕಳ್ಕೊಂಡ್ವಿ?

ಡಾಕ್ಟರ ಕೋಣೆಯಲ್ಲಿ ಅಲ್ಲ. ಔಷಧಿ ಇಲ್ಲದೆಯೂ ಅಲ್ಲ. ಬಿಪಿಯ ಸಾಮಾನ್ಯ ಮಾತ್ರೆಗಳು ಅಗ್ಗ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ನಾವು ಜನರನ್ನು ಕಳ್ಕೊಳ್ಳೋದು ಆಸ್ಪತ್ರೆಯ ಬಾಗಿಲಿಂದ ಮನೆಯ ಬಾಗಿಲ ನಡುವೆ. ಯಾಕೆ ಅಂದ್ರೆ ಈ ಕಾಯಿಲೆಗೆ ನೋವಿಲ್ಲ. ಹಲ್ಲುನೋವು ಬಂದ್ರೆ ರಾತ್ರೋರಾತ್ರಿ ಓಡ್ತೀವಿ, ಬಿಪಿ 170 ಇದ್ರೂ ಊಟ ಸೇರುತ್ತೆ, ನಿದ್ದೆ ಬರುತ್ತೆ. ಇನ್ನು ಕೂಲಿ ಮಾಡೋ ಹೆಂಗಸಿನ ಲೆಕ್ಕ ನೋಡಿ. ತಿಂಗಳಿಗೊಂದು ಸಲ ಮಾತ್ರೆ ತರೋಕೆ ಪಿಎಚ್‌ಸಿಗೆ ಹೋಗಬೇಕು. ಹೋದ ದಿನ ಕೂಲಿ ಇಲ್ಲ, ಬಸ್ಸಿಗೆ ಕಾಯಬೇಕು, ಅಲ್ಲಿ ಸಾಲಲ್ಲಿ ನಿಲ್ಲಬೇಕು. ಇಷ್ಟೆಲ್ಲ ಯಾವುದಕ್ಕೆ? ನೋವೇ ಇಲ್ಲದ ಕಾಯಿಲೆಗೆ. ಒಂದು ತಿಂಗಳು ಹೋಗ್ತಾಳೆ, ಎರಡು ತಿಂಗಳು ಹೋಗ್ತಾಳೆ, ಮೂರನೇ ತಿಂಗಳು ಕಳೆ ಕೀಳೋ ಕೆಲಸ ಬಂತು ಅಂದ್ರೆ ಮುಗೀತು. ಇದರ ಜೊತೆಗೆ ಪಕ್ಕದ ಮನೆಯವರ ಸಲಹೆ ಬೇರೆ: ಇಂಗ್ಲಿಷ್ ಮಾತ್ರೆ ಅಭ್ಯಾಸ ಆದ್ರೆ ಬಿಡೋಕಾಗಲ್ಲ ಕಣೆ!

ಕೋಲಾರ ಜಿಲ್ಲೆಯ ಒಂದು ಹಳ್ಳಿಯಲ್ಲಿ ಒಂದು ಬೆಳಗ್ಗೆ ಪೂರ್ತಿ ಒಬ್ಬ ಆಶಾ ಕಾರ್ಯಕರ್ತೆಯ ಹಿಂದೆ ನಡೆದೆ. 2024ರ ಅಕ್ಟೋಬರ್‌ನಲ್ಲಿ ಸರ್ಕಾರ 'ಗೃಹ ಆರೋಗ್ಯ' ಅನ್ನೋ ಯೋಜನೆಯನ್ನು ಇದೇ ಜಿಲ್ಲೆಯಿಂದ ಶುರು ಮಾಡಿತ್ತು. 30 ವರ್ಷ ದಾಟಿದವರ ಮನೆಗೇ ಹೋಗಿ ಬಿಪಿ, ಶುಗರ್ ನೋಡೋದು, ಕಾಯಿಲೆ ಇದ್ದವರಿಗೆ ಮನೆಯಲ್ಲೇ ಮಾತ್ರೆ ತಲುಪಿಸೋದು. ಆವತ್ತು ಆಶಾ ಜೊತೆಗೆ ಸಮುದಾಯ ಆರೋಗ್ಯ ಅಧಿಕಾರಿಯೂ ಬಂದಿದ್ರು. ಬಿಪಿ ಮಶೀನು ಅವರ ಕೈಯಲ್ಲಿ, ಊರಿನ ಕಥೆ ಈಕೆಯ ತಲೆಯಲ್ಲಿ.

ಮೊದಲನೇ ಮನೆ. ಜಗುಲಿ ಮೇಲೆ ಎಲೆ ಅಡಿಕೆ ಹಾಕ್ಕೊಂಡು ಕೂತಿದ್ದ ಅಜ್ಜಿ.

"ಮಾತ್ರೆ ತಗೊಂಡ್ರಾ ಅಜ್ಜಿ?"

"ತಗೊಂಡೆ ಕಣಮ್ಮ, ಆವಾಗ್ಲೇ ತಗೊಂಡೆ."

ಈಕೆ ಅಷ್ಟಕ್ಕೇ ಬಿಡಲಿಲ್ಲ. ಸೀದಾ ಒಳಗೆ ಹೋಗಿ, ದೇವರ ಗೂಡಿನ ಪಕ್ಕದಲ್ಲಿದ್ದ ಡಬ್ಬಿ ತಂದು, ಮಾತ್ರೆ ಎಣಿಸಿದ್ರು. ಹತ್ತು ದಿನದ ಮಾತ್ರೆ ಮುಗಿದಿರಬೇಕಿತ್ತು, ನಾಲ್ಕೇ ಖರ್ಚಾಗಿದ್ವು. ನಾನು ಬೈತಾರೆ ಅಂದ್ಕೊಂಡೆ. ಬೈಯಲಿಲ್ಲ. ಪಕ್ಕದಲ್ಲಿ ಕೂತು, "ಯಾಕಜ್ಜಿ, ಮಗಳ ಮನೆಗೆ ಹೋಗಿದ್ರಾ?" ಅಂದ್ರು. ಹೌದು, ಹೋಗಿದ್ರು. ಮಾತ್ರೆ ಇಲ್ಲೇ ಬಿಟ್ಟು ಹೋಗಿದ್ರು. ಮಗಳ ಮನೆಗೆ ಹೋಗೋ ಚೀಲದಲ್ಲೂ ಒಂದು ಪಟ್ಟಿ ಮಾತ್ರೆ ಇಟ್ಟುಬಿಡಿ ಅಂತ ಸೊಸೆಗೆ ಹೇಳಿ ಮುಂದಿನ ಮನೆಗೆ ಹೊರಟ್ರು.

ಯೋಚನೆ ಮಾಡಿ. ಅಜ್ಜಿಯ ಮಗಳ ಮನೆ ವಿಚಾರ ಯಾವ ದೊಡ್ಡ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಇರುತ್ತೆ? ಆಶಾ ಆಗೋಕೆ ಆ ಊರಿನ ಹೆಣ್ಣುಮಗಳೇ ಆಗಿರಬೇಕು, ಅದರಲ್ಲೂ ಮದುವೆಯಾಗಿ ಬಂದು ನೆಲೆ ನಿಂತವರಾದ್ರೆ ಒಳ್ಳೇದು ಅಂತ 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ನಿಯಮ ಮಾಡಿದ್ದು ಇದಕ್ಕೇ. ಮಗಳಾದ್ರೆ ಮದುವೆಯಾಗಿ ಬೇರೆ ಊರಿಗೆ ಹೋಗ್ತಾಳೆ, ಸೊಸೆ ಇಲ್ಲೇ ಇರ್ತಾಳೆ. ಸಾವಿರ ಜನಸಂಖ್ಯೆಗೆ ಒಬ್ಬರು. ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು ಊರಿನ ಆರೋಗ್ಯ ಅವರ ಕೈಗೆ ಕೊಡಬಹುದು ಅನ್ನೋದನ್ನ ಅದಕ್ಕೂ ಬಹಳ ಮೊದಲು, 1970ರಿಂದಲೇ, ಮಹಾರಾಷ್ಟ್ರದ ಜಾಮಖೇಡದಲ್ಲಿ ಡಾಕ್ಟರ್ ದಂಪತಿ ರಜನೀಕಾಂತ್ ಮತ್ತು ಮೇಬೆಲ್ ಆರೋಳೆ ಮಾಡಿ ತೋರಿಸಿದ್ರು. ಅಲ್ಲಿ ಅಕ್ಷರ ಬಾರದ ಹೆಂಗಸರೂ ಆ ಕೆಲಸ ಮಾಡಿದ್ದಾರೆ.

ಎರಡನೇ ಮನೆಯಲ್ಲಿ ನಲವತ್ತೈದು ದಾಟಿದ ಒಬ್ಬ ಟ್ರ್ಯಾಕ್ಟರ್ ಡ್ರೈವರ್. ಅಲ್ಲಿ ಫಾರಂ ತುಂಬೋ ಕೆಲಸ. ವಯಸ್ಸೆಷ್ಟು, ಬೀಡಿ ಗುಟ್ಕಾ ಇದೆಯಾ, ಕುಡಿತ ಇದೆಯಾ, ಅಪ್ಪ ಅಮ್ಮನಿಗೆ ಬಿಪಿ ಶುಗರ್ ಇತ್ತಾ. ಆಮೇಲೆ ಟೇಪು ಹಿಡಿದು ಸೊಂಟದ ಅಳತೆ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದ್ರೆ ಅಂಕ ಏರೋಕೆ ಶುರು. ಎಲ್ಲ ಸೇರಿ 4 ದಾಟಿದವರನ್ನು ಮೊದಲು ಪರೀಕ್ಷೆಗೆ ಕಳಿಸ್ತಾರೆ. ಟೇಪು ನೋಡಿ ಡ್ರೈವರ್ ಹೊಟ್ಟೆ ಒಳಗೆ ಎಳ್ಕೊಂಡ. "ಬಿಡಣ್ಣ, ಉಸಿರು ಬಿಡು" ಅಂತ ನಗಾಡಿದ್ರು ಆಶಾ. ಶುಗರ್ ಇರೋ ಇನ್ನೊಬ್ಬರ ಮನೆಯಲ್ಲಿ ಯಜಮಾನರ ಚಪ್ಪಲಿ ಬಿಚ್ಚಿಸಿ ಪಾದ ನೋಡಿದ್ರು. ಬೆರಳ ಸಂದಿಯಲ್ಲಿ ಗಾಯ. ಅವರಿಗೆ ಗೊತ್ತೇ ಇರಲಿಲ್ಲ, ಯಾಕಂದ್ರೆ ಶುಗರ್ ಜಾಸ್ತಿ ದಿನ ಹತೋಟಿ ತಪ್ಪಿದ್ರೆ ಪಾದದ ಸ್ಪರ್ಶವೇ ಹೋಗುತ್ತೆ. ಬೆರಳು ಕತ್ತರಿಸೋದು, ಕಾಲು ಕತ್ತರಿಸೋದು ಇಂಥ ಗಾಯದಿಂದಲೇ ಶುರುವಾಗೋದು.

ಇದರಿಂದ ನಿಜವಾಗಿ ಉಪಯೋಗ ಆಗುತ್ತಾ ಅಂತ ಕೇಳಬಹುದು. ಕೇಳಬೇಕು ಕೂಡ. ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ ಮೂರೂ ದೇಶಗಳ ಹಳ್ಳಿಗಳಲ್ಲಿ ನಮ್ಮ ಆಶಾ ಥರದ ಕಾರ್ಯಕರ್ತರನ್ನೇ ಇಟ್ಕೊಂಡು ಒಂದು ಪ್ರಯೋಗ ನಡೀತು, ಫಲಿತಾಂಶ 2020ರಲ್ಲಿ ಅಮೆರಿಕದ ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 30 ಕಡೆ, ಬಿಪಿ ಇದ್ದ 2645 ಜನ. ಅರ್ಧ ಕಡೆ ಕಾರ್ಯಕರ್ತರು ಮನೆಗೆ ಹೋಗಿ ಬಿಪಿ ನೋಡಿ, ತಿಳಿಹೇಳಿ, ಹೆಚ್ಚಿದ್ದವರನ್ನು ತರಬೇತಾದ ಡಾಕ್ಟರ ಹತ್ತಿರ ಕಳಿಸಿದ್ರು. ಇನ್ನರ್ಧ ಕಡೆ ಎಂದಿನ ಹಾಗೆ. ಎರಡು ವರ್ಷದ ನಂತರ ಮನೆಗೆ ಹೋಗಿದ್ದ ಕಡೆ ಮೇಲಿನ ಬಿಪಿ ಸರಾಸರಿ 5 ಅಂಕ ಹೆಚ್ಚು ಇಳಿದಿತ್ತು. ಐದೇನಾ ಅಂತೀರಾ? ಮೇಲಿನ ಬಿಪಿ 5 ಇಳಿದ್ರೆ ಹೃದಯಾಘಾತ, ಲಕ್ವದಂಥ ದೊಡ್ಡ ಆಪತ್ತು ಸುಮಾರು ನೂರಕ್ಕೆ 10ರಷ್ಟು ಕಡಿಮೆಯಾಗುತ್ತೆ ಅಂತ ಲಕ್ಷಾಂತರ ಜನರ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದವರು ಹೇಳಿದ್ದಾರೆ. ಕೋಟಿಗಟ್ಟಲೆ ಜನ ಇರೋ ದೇಶದಲ್ಲಿ ಇದು ಸಣ್ಣ ಲೆಕ್ಕ ಅಲ್ಲ.

ಈಗ ದುಡ್ಡಿನ ವಿಷಯಕ್ಕೆ ಬರ್ತೀನಿ, ನನಗೆ ಸಿಟ್ಟು ಬರೋದು ಇಲ್ಲೇ.

ಆಶಾ ಯೋಜನೆ ಹುಟ್ಟಿದ್ದು ಬಾಣಂತಿ ಮತ್ತು ಮಕ್ಕಳ ಸಾವು ತಪ್ಪಿಸೋಕೆ. ಹಾಗಾಗಿ ಕೂಲಿಯೂ ಹಾಗೇ ಗೊತ್ತಾಯ್ತು, ಇಂಥ ಕೆಲಸಕ್ಕೆ ಇಷ್ಟು ಅಂತ. ಗರ್ಭಿಣಿಯನ್ನು ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ಇಷ್ಟು, ಮಗುವಿನ ಲಸಿಕೆ ಪೂರ್ತಿ ಮಾಡಿಸಿದ್ರೆ ಇಷ್ಟು. ಹೆರಿಗೆ ಒಂದು ಘಟನೆ. ಲಸಿಕೆ ಒಂದು ಘಟನೆ. ಎಣಿಸಬಹುದು, ಬರೆಯಬಹುದು, ಬಿಲ್ ಮಾಡಬಹುದು. ಬಿಪಿಯಲ್ಲಿ ಘಟನೆ ಯಾವುದು ಸ್ವಾಮಿ? ಈಕೆ ಕೆಲಸ ಸರಿಯಾಗಿ ಮಾಡಿದ್ರೆ ಏನೂ ಆಗೋದಿಲ್ಲ! ಅಜ್ಜಿಗೆ ಲಕ್ವ ಹೊಡೆಯೋದಿಲ್ಲ, ಯಜಮಾನರ ಕಾಲು ಹೋಗೋದಿಲ್ಲ. ಆಗದೇ ಇದ್ದದ್ದಕ್ಕೆ ಯಾವ ರಿಜಿಸ್ಟರಿನಲ್ಲಿ ಕಾಲಂ ಇದೆ? ಕೇಂದ್ರದ ಪ್ರೋತ್ಸಾಹಧನದ ಪಟ್ಟಿಯಲ್ಲಿ ಇದಕ್ಕೆ ಇಟ್ಟಿದ್ದು ಆ ಫಾರಂ ಒಂದಕ್ಕೆ 10 ರೂಪಾಯಿ. ಕಾಯಿಲೆ ಪತ್ತೆಯಾದವರು ಮಾತ್ರೆ ಬಿಡದ ಹಾಗೆ ನೋಡ್ಕೊಂಡ್ರೆ ಆರು ತಿಂಗಳಿಗೆ ಒಬ್ಬರಿಗೆ 50 ರೂಪಾಯಿ. ತಿಂಗಳಿಗೆ ಎಂಟು ರೂಪಾಯಿ ಚಿಲ್ಲರೆ. ಒಂದು ಲೋಟ ಕಾಫಿ ಬರಲ್ಲ.

2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಸುಮಾರು 10 ಲಕ್ಷ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಡ್ತು. ಎಲ್ಲರೂ ಅಭಿನಂದನೆ ಹೇಳಿದ್ವಿ, ನಾನೂ ಹೇಳಿದೆ. 2025ರ ಜನವರಿಯಲ್ಲಿ ಅದೇ ಹೆಣ್ಣುಮಕ್ಕಳು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಅಹೋರಾತ್ರಿ ಕೂತಿದ್ರು. ಕೇಳಿದ್ದು ತಿಂಗಳಿಗೆ 15 ಸಾವಿರ. ನಾಲ್ಕನೇ ದಿನ, ಏಪ್ರಿಲ್‌ನಿಂದ ಕನಿಷ್ಠ 10 ಸಾವಿರ ಸಿಗೋ ಹಾಗೆ ಮಾಡ್ತೀವಿ ಅಂತ ಸರ್ಕಾರದ ಭರವಸೆ ಸಿಕ್ಕ ಮೇಲೆ ಎದ್ದು ಹೋದ್ರು. ಕರ್ನಾಟಕದಲ್ಲಿ ಅವರು ಸುಮಾರು 42 ಸಾವಿರ ಜನ. ಸರ್ಕಾರದ ಬೊಕ್ಕಸಕ್ಕೆ ಭಾರ ಅನ್ನೋ ವಾದ ನನಗೂ ಗೊತ್ತು. ಲಕ್ವ ಹೊಡೆದ ಒಬ್ಬರನ್ನು ಐಸಿಯುನಲ್ಲಿಟ್ಟ ಬಿಲ್ಲು ನೋಡಿದವನು ನಾನು, ಅದರ ಮುಂದೆ ಈ ವಾದ ನಿಲ್ಲಲ್ಲ. ಆ ನಾಲ್ಕು ದಿನ ನಮ್ಮ ಚಾನೆಲ್ಲಿನಲ್ಲಿ ಅವರ ಸುದ್ದಿ ಎಷ್ಟು ನಿಮಿಷ ಹೋಯ್ತು ಅಂತ ಆಮೇಲೆ ತೆಗೆಸಿ ನೋಡಿದೆ. ಜಾಸ್ತಿ ಹೊತ್ತು ತೋರಿಸಿದ್ದು ಟ್ರಾಫಿಕ್ ಜಾಮ್. ಆ ಬುಲೆಟಿನ್ ಓದಿದವನೂ ನಾನೇ.

ಆವತ್ತು ಕೋಲಾರದಲ್ಲಿ ಕೊನೆಯ ಮನೆ ಮುಗಿಸಿ ಅಂಗನವಾಡಿ ಕಟ್ಟೆ ಮೇಲೆ ಕೂತಿದ್ವಿ. "ಸರ್, ನೀವು ಯಾವಾಗ ನೋಡಿಸಿದ್ರಿ ಬಿಪಿ?" ಅಂತ ಆಶಾ ಕೇಳಿದ್ರು. ನಾನು ಆಕಾಶ ನೋಡಿದೆ. ಆರೋಗ್ಯ ಅಧಿಕಾರಿ ತೋಳಿಗೆ ಪಟ್ಟಿ ಸುತ್ತಿಯೇಬಿಟ್ರು. 148, ಕೆಳಗಡೆ 94. ಐದು ನಿಮಿಷ ಸುಮ್ಮನೆ ಕೂರಿಸಿ ಇನ್ನೊಂದು ಸಲ ನೋಡಿದ್ರು, 146. ಒಂದು ದಿನದ ಅಳತೆಯಿಂದ ಕಾಯಿಲೆ ಅನ್ನೋಕಾಗಲ್ಲ, ವಾರದಲ್ಲಿ ಇನ್ನೊಮ್ಮೆ ನೋಡಿಸಿ, ಉಪ್ಪಿನಕಾಯಿ ಹಪ್ಪಳ ಕಮ್ಮಿ ಮಾಡಿ ಅಂದ್ರು. ಆಶಾ ತಮ್ಮ ಪುಸ್ತಕ ತೆಗೆದವರು ಮತ್ತೆ ಮುಚ್ಚಿದ್ರು.

"ನೀವು ನಮ್ಮ ಊರಿನೋರಲ್ವಲ್ಲ ಸರ್, ನಿಮ್ಮ ಹೆಸರು ಬರೆಯೋಕೆ ಬರಲ್ಲ. ಬೆಂಗಳೂರಲ್ಲಿ ನಿಮ್ಮನೆಗೆ ಯಾರು ಬರ್ತಾರೆ ಕೇಳೋಕೆ?"