ದೇವಮಾಸಾಕ್ಕೆ ಕಿವಿ ಬಂದ ಕತೆ



ಒಂದು ಪಾಟಿ, ಒಂದು ಬಳಪ ತೆಗೆದುಕೊಂಡು ಕುಳಿತುಕೊಳ್ಳಿರಿ. ಪಾಟಿ ಇಲ್ಲದಿದ್ದರೆ ಮಕ್ಕಳ ವಹಿಯ ಹಿಂದಿನ ಪುಟ ಸಾಕು. ಇಂದಿನ ಮಾತು ಪೂರ್ತಿ ಚಿತ್ರಗಳದ್ದು, ರೇಡಿಯೋದಲ್ಲಿ ಚಿತ್ರ ತೋರಿಸಲಿಕ್ಕೆ ಬರುವುದಿಲ್ಲ. ಆದ್ದರಿಂದ ನೀವೇ ಬಿಡಿಸಬೇಕು. ಒಂದು ತಿಮಿಂಗಿಲ ಬಿಡಿಸಿರಿ. ನಾವು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡುವ ಜನ. ತಿಮಿಂಗಿಲ ಅಂದರೆ ತಿಳಿಯದ ಹುಡುಗನಿಗೆ ದೇವಮಾಸಾ ಅಂದರೆ ಕೂಡಲೇ ತಿಳಿಯುತ್ತದೆ.

ಬಿಡಿಸಿದಿರಾ? ನಿಮ್ಮ ಪಾಟಿಯ ಮೇಲೆ ಏನಿದೆ ಅಂತ ನಾನು ಇಲ್ಲಿಂದಲೇ ಹೇಳುತ್ತೇನೆ. ದುಂಡನೆಯ ಮೈ, ನಗುವ ಬಾಯಿ, ನೆತ್ತಿಯ ನಟ್ಟನಡುವೆ ಒಂದು ಕಾರಂಜಿ. ಗಡಹಿಂಗ್ಲಜದಲ್ಲಿ ನಮ್ಮ ಓಣಿಯ ಮಕ್ಕಳನ್ನು ಕೂಡಿಸಿ ಬಿಡಿಸಲು ಹೇಳಿದ್ದೆ, ಎಲ್ಲರದೂ ಅದೇ ಆಯಿತು. ಒಬ್ಬ ಹುಡುಗ ಮಾತ್ರ ಕಿವಿಯನ್ನೂ ಇಟ್ಟಿದ್ದ. ಉಳಿದವರು ಅವನನ್ನು ನೋಡಿ ನಕ್ಕರು. ನಾನು ನಗಲಿಲ್ಲ, ಯಾಕೆಂದರೆ ಅದೇ ತಪ್ಪನ್ನು ನಾಲ್ಕುನೂರು ವರ್ಷದ ಹಿಂದೆ ಯುರೋಪಿನ ಚಿತ್ರಗಾರರು ಮಾಡಿದ್ದಾರೆ.

ಅದಕ್ಕೂ ಮೊದಲು ನಮ್ಮ ಕಡೆಯ ಒಂದು ಉದಾಹರಣೆ. ಖಿದ್ರಾಪುರದ ಕೋಪೇಶ್ವರ ಗುಡಿಗೆ ನಿಮ್ಮಲ್ಲಿ ಬಹಳ ಮಂದಿ ಹೋಗಿದ್ದೀರಿ. ಇಚಲಕರಂಜಿಯಿಂದ ದೂರವಿಲ್ಲ, ಕೃಷ್ಣೆಯ ದಂಡೆಯಲ್ಲೇ ಇದೆ. ಗುಡಿಯ ಬುಡದಲ್ಲಿ ಕಲ್ಲಾನೆಗಳ ಸಾಲು. ಎಷ್ಟೋ ಆನೆಗಳ ಸೊಂಡಿಲು ಮುರಿದುಹೋಗಿದ್ದರೂ ಕಾಲಿನ ಮೇಲೆ ಬಿದ್ದ ಮೈಭಾರ ಕಣ್ಣಿಗೆ ಕಾಣುತ್ತದೆ. ಆ ಶಿಲ್ಪಿ ಆನೆಯನ್ನು ನೋಡಿದವನು. ಇನ್ನು ಹಳೆಯ ಗುಡಿಗಳ ತೋರಣದಲ್ಲಿ ಬರುವ ಮಕರವನ್ನು ನೆನೆಯಿರಿ. ಸೊಂಡಿಲು ಆನೆಯದು, ಬಾಯಿ ಮೊಸಳೆಯದು, ಬಾಲ ಒಮ್ಮೆ ಮೀನಿನದು, ಒಮ್ಮೆ ನವಿಲಿನದು. ಅದು ಕಂಡ ಪ್ರಾಣಿಯಲ್ಲ, ಕೇಳಿದ ಪ್ರಾಣಿ. ಶಿಲ್ಪಿಯ ಮೇಲೆ ನನ್ನ ತಕರಾರಿಲ್ಲ. ನಾನು ಇದನ್ನು ಕಣ್ಣಾರೆ ಕಂಡು ಕೆತ್ತಿದೆ ಎಂದು ಅವನೇನೂ ಬರೆದು ಕೊಟ್ಟಿಲ್ಲ.

ಯುರೋಪಿನವರು ಬರೆದು ಕೊಟ್ಟರು. ಅಲ್ಲಿ ಗೋಟಾಳೆಯಾಯಿತು.

ತಿಮಿಂಗಿಲಗಳಲ್ಲಿ ಹತ್ತಾರು ಜಾತಿ ಇವೆ. ನಾನು ಹೇಳುತ್ತಿರುವುದು ಸ್ಪರ್ಮ್ ತಿಮಿಂಗಿಲದ ಮಾತು. ಹಲ್ಲುಳ್ಳ ತಿಮಿಂಗಿಲಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ಗಂಡು ಸುಮಾರು 16 ಮೀಟರ್ ಉದ್ದ, ಅಂದರೆ ಒಂದರ ಹಿಂದೊಂದು ನಿಲ್ಲಿಸಿದ ಒಂದೂವರೆ ಎಸ್.ಟಿ. ಬಸ್ಸಿನಷ್ಟು. ಅದರಲ್ಲಿ ಮೂರರಲ್ಲೊಂದು ಪಾಲು ಬರೀ ತಲೆ. ಆ ತಲೆಯಲ್ಲಿ ಮೇಣದಂಥ ಎಣ್ಣೆ ತುಂಬಿರುತ್ತದೆ. ಹಿಂದಿನ ನಾವಿಕರು ಅದನ್ನು ಗಂಡಿನ ವೀರ್ಯವೆಂದು ತಪ್ಪು ತಿಳಿದು ಈ ಹೆಸರಿಟ್ಟರು. ಹೆಸರಿನಲ್ಲೇ ತಪ್ಪು ಹೊತ್ತ ಪ್ರಾಣಿ ಇದು. ನಮ್ಮ ದೇವಮಾಸಾವೂ ಅಷ್ಟೇ. ಅದು ಮೀನಲ್ಲ, ಮರಿಗೆ ಹಾಲೂಡಿಸುವ, ಗಾಳಿ ಉಸಿರಾಡುವ ಪ್ರಾಣಿ.

1598ರ ಫೆಬ್ರುವರಿಯಲ್ಲಿ ಹಾಲೆಂಡಿನ ಬರ್ಖೆ ಎಂಬ ಊರಿನ ದಂಡೆಗೆ ಇಂಥ ಒಂದು ಗಂಡು ತಿಮಿಂಗಿಲ ಬಂದು ಬಿತ್ತು. ಜನ ಜಾತ್ರೆಯಂತೆ ನೆರೆದರು. ಹೆಂಡ್ರಿಕ್ ಗೋಲ್ಟ್ಸಿಯಸ್ ಎಂಬ ದೊಡ್ಡ ಚಿತ್ರಗಾರ ಅದನ್ನು ಬಿಡಿಸಿದ. ಅವನ ಚಿತ್ರದಿಂದ ಅವನ ಮಲಮಗ ಯಾಕೋಬ್ ಮಾಥಾಮ್ ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ತೆಗೆದ. ಅಚ್ಚು ಊರೂರಿಗೆ ಹೋಯಿತು. 1601ರಲ್ಲಿ ಇಟಲಿಯ ಅಂಕೋನಾ ಹತ್ತಿರ ದಂಡೆಗೆ ಬಂದ ತಿಮಿಂಗಿಲ ಎಂದು ಇನ್ನೊಂದು ಅಚ್ಚು ಹೊರಟಿತು. ಇದು ನಿಜವಾದ ಪ್ರಾಣಿಯನ್ನು ನೋಡಿ ಬಿಡಿಸಿದ್ದು ಎಂದು ಅದರ ಮೇಲೆ ಬರೆದಿತ್ತು. ಆದರೆ ಅದು ಹಾಲೆಂಡಿನ ಚಿತ್ರದ ನಕಲು. ಗೊಂಬ್ರಿಚ್ ಎಂಬ ಕಲಾ ಇತಿಹಾಸಕಾರರು ಇದನ್ನು ತಮ್ಮ ಪುಸ್ತಕದಲ್ಲಿ ಪಕ್ಕಪಕ್ಕ ಇಟ್ಟು ತೋರಿಸಿದ್ದಾರೆ. ಕೊಲ್ಹಾಪುರದಲ್ಲಿ ಚಿತ್ರಕಲೆ ಕಲಿಸುವ ನನ್ನ ಮಗಳು ಅದನ್ನು ನನಗೆ ಓದಿ ಹೇಳಿದಳು. ಮೆಟ್ರಿಕ್ ಇಂಗ್ಲಿಷ್ ಅಲ್ಲಿಯವರೆಗೆ ಮುಟ್ಟುವುದಿಲ್ಲ.

ತಮಾಷೆ ಮುಂದಿದೆ. ಆ ಹಾಲೆಂಡಿನ ಅಚ್ಚಿನಲ್ಲೇ ತಿಮಿಂಗಿಲದ ಕಣ್ಣಿನ ಹಿಂದೆ ಕಿವಿಯಂಥದೊಂದು ಇದೆ. ತಿಮಿಂಗಿಲಕ್ಕೆ ಹೊರಗಿವಿ ಇಲ್ಲವೇ ಇಲ್ಲ. ಮುಂದಿನ ಈಜುರೆಕ್ಕೆಯನ್ನು ಕಿವಿ ಎಂದು ತಿಳಿದು ಕಣ್ಣಿಗೆ ತೀರ ಹತ್ತಿರ ಇಟ್ಟಿದ್ದಾರೆ. ನಕಲಿನವನೂ ಕಿವಿಯನ್ನು ಬಿಡದೆ ಇಟ್ಟ.

ಇದನ್ನು ಕೇಳಿದಾಗ ನನಗೆ ನನ್ನ ಕೌಂಟರ್ ನೆನಪಾಯಿತು. ಮೂವತ್ತಕ್ಕೂ ಹೆಚ್ಚು ವರ್ಷ ನಾನು ಚೆಕ್ಕಿನ ಸಹಿಯನ್ನು ಮಾದರಿ ಸಹಿಯ ಕಾರ್ಡಿನ ಜೊತೆ ತಾಳೆ ನೋಡಿದವನು. ಖೊಟ್ಟಿ ಸಹಿ ಮಾಡುವವನು ಬರೆಯುವುದಿಲ್ಲ, ಬಿಡಿಸುತ್ತಾನೆ. ಮೂಲದಲ್ಲಿ ಪೆನ್ನು ಎಡವಿ ಒಂದು ಚುಕ್ಕಿ ಬಿದ್ದಿದ್ದರೆ ಆ ಚುಕ್ಕಿಯನ್ನೂ ಭಕ್ತಿಯಿಂದ ಇಡುತ್ತಾನೆ. ಸಹಿಯ ಯಜಮಾನ ಮಾತ್ರ ಪ್ರತಿಸಲ ಸ್ವಲ್ಪ ಬೇರೆ ಬರೆಯುತ್ತಾನೆ.

ಗೋಲ್ಟ್ಸಿಯಸ್ ಕಣ್ಣಿದ್ದವನೇ. ಮತ್ತೆ ಯಾಕೆ ತಪ್ಪಾಯಿತು? ಅವನ ಮುಂದಿದ್ದದ್ದು ಹೆಣ. ನೀರಿನಲ್ಲಿ ತೇಲುವ ಮೈಗೆ ನೀರೇ ಆಧಾರ. ದಂಡೆಗೆ ಬಿದ್ದ ತಿಮಿಂಗಿಲ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ, ದವಡೆ ಜೋತುಬೀಳುತ್ತದೆ, ಒಳಗೆ ಗಾಳಿ ತುಂಬಿ ಹೊಟ್ಟೆ ಉಬ್ಬುತ್ತದೆ. 1601ರ ಡಿಸೆಂಬರಿನಲ್ಲಿ ಬೆವರ್‌ವೈಕ್ ಊರಿನ ಬಳಿ ಬಿದ್ದ ಇನ್ನೊಂದರ ಚಿತ್ರವನ್ನು ಯಾನ್ ಸಾನ್ರೆಡಾಮ್ ಕೊರೆದ. ಅದರಲ್ಲಿ ನೋಡಲು ಬಂದ ಸರದಾರ ಕರವಸ್ತ್ರವನ್ನು ಮೂಗಿಗೆ ಹಿಡಿದಿದ್ದಾನೆ. ಆ ನಾತದಲ್ಲಿ ನಿಂತು ಬಿಡಿಸಿದ್ದೇ ದೊಡ್ಡದು ಅನ್ನಿ. ಆದರೂ ಗಾಣದಿಂದ ಹೊರಬಿದ್ದ ಸಿಪ್ಪೆ ನೋಡಿ ಹೊಲದಲ್ಲಿ ನಿಂತ ಕಬ್ಬಿನ ಚಿತ್ರ ಬರೆದರೆ ಹೇಗಾದೀತು, ನೀವೇ ಹೇಳಿರಿ.

ಮುಂದೆ ಎಣ್ಣೆಗಾಗಿ ಈ ಪ್ರಾಣಿಯನ್ನು ಕೊಲ್ಲಲು ಹಡಗುಗಳು ಹೋದವು. ಕೊಲ್ಲುವವನಿಗೆ ಪ್ರಾಣಿಯ ಗುರುತು ಚೆನ್ನಾಗಿರಬೇಕಲ್ಲ! ಅಂಥ ಹಡಗಿನಲ್ಲಿ ವೈದ್ಯನಾಗಿದ್ದ ಥಾಮಸ್ ಬೀಲ್ 1839ರಲ್ಲಿ ಇದರ ಮೇಲೆ ಪುಸ್ತಕ ಬರೆದ. ಬೇಟೆಯ ಹಡಗಿನಲ್ಲಿ ದುಡಿದಿದ್ದ ಕಾದಂಬರಿಕಾರ ಮೆಲ್ವಿಲ್ 1851ರ ತನ್ನ ‘ಮೋಬಿ ಡಿಕ್’ನಲ್ಲಿ ತಿಮಿಂಗಿಲದ ತಪ್ಪು ಚಿತ್ರಗಳನ್ನು ಬಯ್ಯಲಿಕ್ಕೆಂದೇ ಒಂದು ಅಧ್ಯಾಯ ಇಟ್ಟಿದ್ದಾನೆ. ಬೀಲನ ಚಿತ್ರಗಳನ್ನು ಮಾತ್ರ ಹೊಗಳುತ್ತಾನೆ. ಆದರೆ ಇವರಿಗೂ ಕಂಡದ್ದು ನೀರಿನ ಮೇಲಿನ ಬೆನ್ನು, ಬಾಲ ಮತ್ತು ಕೊಂದ ಮೇಲಿನ ಮೈ. ನೀರೊಳಗಿನ ಬಾಳು ಕಾಣಲಿಲ್ಲ.

ಆಮೇಲೆ ಕ್ಯಾಮೆರಾ ಬಂತು. ಕ್ಯಾಮೆರಾ ಅಂದರೆ ಕೊಲ್ಹಾಪುರದವರಿಗೆ ಹೊಸದಲ್ಲ. ನಮ್ಮ ಬಾಬುರಾವ್ ಪೇಂಟರ್ 1918ರ ಹೊತ್ತಿಗೆ ಸಿನೆಮಾ ಕ್ಯಾಮೆರಾವನ್ನು ತಾವೇ ಕಟ್ಟಿದವರು. ಅಷ್ಟಾದರೂ ಈ ಪ್ರಾಣಿ ಕ್ಯಾಮೆರಾಕ್ಕೆ ಸಿಗಲಿಲ್ಲ. ಒಂದು ಸಾವಿರ ಮೀಟರಿಗೂ ಕೆಳಗೆ ಮುಳುಗುತ್ತದೆ, ಒಂದು ತಾಸಿನವರೆಗೂ ಮೇಲೆ ಬರದೆ ಇರಬಲ್ಲದು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಚಿತ್ರ 1969ರಲ್ಲಿ ಬಂತು. ಸ್ಪರ್ಮ್ ತಿಮಿಂಗಿಲ ನೀರೊಳಗೆ ಬದುಕಿರುವುದನ್ನು ಮೊದಲಸಲ ಚಿತ್ರೀಕರಿಸಿದ್ದು 1984ರಲ್ಲಿ! ಅದೂ ಎಲ್ಲಿ? ನಮ್ಮದೇ ಹಿಂದೂ ಮಹಾಸಾಗರದಲ್ಲಿ, ಶ್ರೀಲಂಕೆಯ ಆಚೆ. ಹಾಲೆಂಡಿನ ಅಚ್ಚಿಗೂ ಇದಕ್ಕೂ ನಡುವೆ 386 ವರ್ಷ.

ಆಗ ಕಂಡದ್ದೇನು? ಮೊಂಡು ಮರದ ದಿಮ್ಮಿಯಂತೆ ಬಿಡಿಸುತ್ತಿದ್ದ ಮೈ ನೀರಿನಲ್ಲಿ ಹಗುರಾಗಿ ಬಳುಕುತ್ತದೆ. ತಲೆಯ ಹಿಂದಿನ ತೊಗಲು ನಯವಲ್ಲ, ತಾಸಗಾಂವದ ಒಣದ್ರಾಕ್ಷಿಯಂತೆ ಸುಕ್ಕು ಸುಕ್ಕು. ಹೆಣ್ಣುಗಳು, ಮರಿಗಳು ಕೂಡು ಕುಟುಂಬದಂತೆ ಒಟ್ಟಿಗೆ ಇರುತ್ತವೆ. ನೀರಿನಲ್ಲಿ ನೆಟ್ಟ ಕಂಬದಂತೆ ನೆಟ್ಟಗೆ ನಿಂತು ನಿದ್ದೆ ಮಾಡುತ್ತವೆ. ಇದನ್ನು ವಿಜ್ಞಾನಿಗಳು 2008ರಲ್ಲಿ ವಿವರವಾಗಿ ಬರೆದರು. ಡೊಮಿನಿಕಾ ದ್ವೀಪದ ಬಳಿ ಅದರ ಫೋಟೋಗಳೂ ಬಂದಿವೆ. ಮಗಳು ತೋರಿಸಿದಾಗ ನಾನು ಬಹಳ ಹೊತ್ತು ಮಾತಾಡಲಿಲ್ಲ. ನೀಲಿ ನೀರು, ಅದರಲ್ಲಿ ಗುಡಿಯ ಕಂಬಗಳಂತೆ ಅಲುಗಾಡದೆ ನಿಂತ ಪ್ರಾಣಿಗಳು. 2017ರಲ್ಲಿ ಟೋನಿ ವು ಎಂಬ ಛಾಯಾಚಿತ್ರಗಾರರಿಗೆ ಲಂಡನ್ನಿನ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಯಲ್ಲಿ ಬಹುಮಾನ ಬಂದ ಚಿತ್ರವೂ ಶ್ರೀಲಂಕೆಯದೇ. ಗುಂಪುಗುಂಪಾಗಿ ಸೇರಿ ಒಂದಕ್ಕೊಂದು ಮೈ ತಿಕ್ಕುತ್ತಿವೆ. ಸತ್ತ ತೊಗಲು ಉದುರಲಿಕ್ಕೆ, ಮತ್ತೆ ಸಲಿಗೆಗೂ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬೇರೆ. ಈ ತಿಮಿಂಗಿಲ ಆಳಕ್ಕೆ ಇಳಿಯುವಾಗ ಬಾಲವನ್ನು ಮೇಲಕ್ಕೆತ್ತುತ್ತದೆ. ಬಾಲದ ಅಂಚಿನ ಹರಕು, ಕಚ್ಚು ಒಂದರಂತೆ ಇನ್ನೊಂದಕ್ಕೆ ಇರುವುದಿಲ್ಲ. ವಿಜ್ಞಾನಿಗಳು ಪ್ರತಿ ಬಾಲದ ಫೋಟೋ ತೆಗೆದು ದಾಖಲೆ ಇಡುತ್ತಾರೆ. ವರ್ಷಗಳ ಮೇಲೆ ಮತ್ತೆ ಕಂಡಾಗ ತಾಳೆ ನೋಡಿ, ಇದು ಇಂಥದೇ ತಿಮಿಂಗಿಲ ಎನ್ನುತ್ತಾರೆ. ಇದು ನನ್ನ ಕಸುಬೇ, ಬಾಂಧವರೆ! ಮಾದರಿ ಸಹಿಯ ಕಾರ್ಡು. ಮೊದಲು ಒಂದನ್ನು ತಿಳಿಯಲು ಕೊಲ್ಲುತ್ತಿದ್ದರು, ಈಗ ಒಂದು ಫೋಟೋ ಸಾಕು.

ಹಾಗಂತ ಕುಂಚದ ಕೆಲಸ ಮುಗಿದಿಲ್ಲ. ಸ್ಪರ್ಮ್ ತಿಮಿಂಗಿಲ ದೈತ್ಯ ಸ್ಕ್ವಿಡ್ ಎಂಬ ಹಲವು ತೋಳಿನ ಪ್ರಾಣಿಯ ಜೊತೆ ಕಡಲಾಳದಲ್ಲಿ ಕಾದಾಡುವ ಚಿತ್ರ ನಿಮ್ಮ ಮಕ್ಕಳ ಪುಸ್ತಕದಲ್ಲಿ ಇರಬಹುದು. ಅದು ಕಲ್ಪನೆಯ ಚಿತ್ರ. ಆಧಾರ ಇಲ್ಲವೆಂದಲ್ಲ. ತಿಮಿಂಗಿಲದ ತೊಗಲಿನ ಮೇಲೆ ತೋಳಿನ ಬಟ್ಟಲುಗಳು ಹಿಡಿದ ದುಂಡು ಗಾಯಗಳಿವೆ, ಹೊಟ್ಟೆಯಲ್ಲಿ ಸ್ಕ್ವಿಡ್ಡಿನ ಕೊಕ್ಕುಗಳು ಸಿಕ್ಕಿವೆ. ಆಳದಲ್ಲಿ ಬದುಕಿದ ದೈತ್ಯ ಸ್ಕ್ವಿಡ್ಡಿನ ಮೊದಲ ಫೋಟೋ ತೆಗೆದದ್ದೇ 2004ರಲ್ಲಿ, ಜಪಾನಿನ ಓಗಾಸವಾರ ದ್ವೀಪಗಳ ಬಳಿ. ಸ್ಪರ್ಮ್ ತಿಮಿಂಗಿಲ ಎಲ್ಲಿ ಮೇಯುತ್ತದೋ ಅಲ್ಲೇ ಕ್ಯಾಮೆರಾ ಇಳಿಸಿದ್ದರು.

ಈಗ ನಮ್ಮ ಊರಿನ ಮಾತು. ಇಚಲಕರಂಜಿಯಲ್ಲಿ ಮಗ್ಗದ ಕೆಲಸ ಮಾಡುವ, ನಮ್ಮ ಪರಿಚಯದವರ ಮಗನೊಬ್ಬ ಒಂದು ಸಂಜೆ ಮೊಬೈಲ್ ಹಿಡಿದು ಬಂದ. “ಕಾಕಾ, ಇದನ್ನ ನೋಡ್ರಿ. ದೇವಮಾಸಾದ ವಾಂತಿ ಅಂತ. ಕೋಟಿ ಬೆಲೆ ಐತಿ. ಎರಡು ಲಕ್ಷ ಹಾಕಿದ್ರ ಪಾಲು ಕೊಡ್ತಾರಂತ” ಅಂದ. ಹೆಂಡತಿಯ ಬಂಗಾರ ಒತ್ತೆ ಇಡುವ ವಿಚಾರ ಅವನದು. ಮೊಬೈಲಿನಲ್ಲಿ ಎರಡು ಚಿತ್ರ. ಒಂದು ಬೂದು ಬಣ್ಣದ ಕಲ್ಲಿನಂಥ ಗಡ್ಡೆ. ಇನ್ನೊಂದು ನೀರಿನಿಂದ ಜಿಗಿಯುವ ತಿಮಿಂಗಿಲ, ಮೈಯ ಮೂರರಲ್ಲೊಂದು ಪಾಲು ಉದ್ದದ ರೆಕ್ಕೆ, ಗಂಟಲಿಗೆ ನೇಗಿಲ ಗೆರೆಯಂಥ ಮಡಿಕೆ.

“ತಮ್ಮಾ, ಇದು ಆ ಪ್ರಾಣಿಯೇ ಅಲ್ಲ” ಅಂದೆ. ಅದು ಹಂಪ್‌ಬ್ಯಾಕ್ ತಿಮಿಂಗಿಲ. ಅಂಬರ್‌ಗ್ರಿಸ್ ಎಂಬ ಆ ವಸ್ತು ಹುಟ್ಟುವುದು ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ, ಸ್ಕ್ವಿಡ್ಡಿನ ಕೊಕ್ಕು ಚುಚ್ಚಿದ ಕಡೆ. ಅದೂ ಎಲ್ಲ ತಿಮಿಂಗಿಲಗಳಲ್ಲಿ ಅಲ್ಲ, ಕೆಲವದರಲ್ಲಿ ಮಾತ್ರ. ವಾಂತಿ ಎನ್ನುವುದೂ ಬಹುಶಃ ತಪ್ಪು, ಹೊರಗೆ ಬರುವ ದಾರಿ ಹಿಂದಿನದು ಎಂದೇ ತಿಳಿದವರು ಹೇಳುತ್ತಾರೆ. ಇನ್ನು ಗಡ್ಡೆ ನಿಜವೇ ಆಗಿದ್ದರೆ ಕೇಡು ಹೆಚ್ಚು, ಕಡಿಮೆಯಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದರ ವ್ಯಾಪಾರ ನಮ್ಮ ದೇಶದಲ್ಲಿ ಅಪರಾಧ. ಕೊಲ್ಹಾಪುರ, ಸಾಂಗಲಿ ಕಡೆ ಪೊಲೀಸರು ಇಂಥ ಮಾಲು ಹಿಡಿದ ಸುದ್ದಿ ಈಚಿನ ವರ್ಷಗಳಲ್ಲಿ ನೀವೂ ಓದಿದ್ದೀರಿ. 2021ರಲ್ಲಿ ಮುರ್ಡೇಶ್ವರದ ಮೀನುಗಾರರೊಬ್ಬರು ದಂಡೆಯಲ್ಲಿ ಸಿಕ್ಕ ಗಡ್ಡೆಯನ್ನು ಅರಣ್ಯ ಇಲಾಖೆಗೆ ಒಪ್ಪಿಸಿದರು.

ಹುಡುಗ ದುಡ್ಡು ಕೊಡಲಿಲ್ಲ. ಅವನ ಗೆಳೆಯ ಕೊಟ್ಟುಬಿಟ್ಟಿದ್ದ. ಅದು ತಿರುಗಿ ಬರಲಿಲ್ಲ.

ಸರಿ, ಪಾಟಿ ತೆಗೆಯಿರಿ. ನಗುವ ಬಾಯಿ ಅಳಿಸಿ. ತಲೆಯನ್ನು ಚೌಕಾಗಿ, ಮೈಯ ಮೂರರಲ್ಲೊಂದು ಪಾಲು ಮಾಡಿರಿ. ಕೆಳದವಡೆ ಸಣ್ಣದು, ಬಡಿಗೆಯಂಥದು. ಹೊರಗೆ ಕಾಣುವ ಹಲ್ಲು ಅದರಲ್ಲಿ ಮಾತ್ರ, ಒಂದೊಂದು ಪಕ್ಕಕ್ಕೆ 20ರಿಂದ 26. ಬೆನ್ನಿಗೆ ರೆಕ್ಕೆ ಬೇಡ, ಒಂದು ಡುಬ್ಬ, ಅದರ ಹಿಂದೆ ಸಣ್ಣ ಗಂಟುಗಳು. ಕಣ್ಣು ಬಾಯಿಯ ಕೊನೆಯ ಹತ್ತಿರ, ಪುಟ್ಟದು. ಈಜುರೆಕ್ಕೆಯನ್ನು ಕಣ್ಣಿನಿಂದ ಸಾಕಷ್ಟು ಹಿಂದೆ ಇಡಿರಿ, ಅದು ಕಿವಿಯಾಗಬಾರದು. ಕಾರಂಜಿಯನ್ನು ನೆತ್ತಿಯಿಂದ ತೆಗೆದು ತಲೆಯ ಮುಂತುದಿಗೆ, ಎಡಗಡೆಗೆ ತನ್ನಿರಿ. ಅದು ನೆಟ್ಟಗೆ ಮೇಲೆ ಹೋಗುವುದಿಲ್ಲ, ಮುಂದಕ್ಕೆ ಓರೆಯಾಗಿ ಹಾರುತ್ತದೆ. ದೂರದ ಹಡಗಿನಿಂದ ನಾವಿಕರು ಇದನ್ನು ಗುರುತಿಸುತ್ತಿದ್ದದ್ದು ಆ ಓರೆಯಿಂದಲೇ.